ನೂರ ಹದಿನಾಲ್ಕು ಬೆಸುಗೆ

"ನಾಲ್ಕಕ್ಕೆ ನಾಲ್ಕೂ ಸತ್ತಿವೆ. ಇಂಥ ಮಾಲು ಕೊಟ್ಟು ಕಳಿಸ್ತೀರಲ್ಲ, ನಿಮಗೆ ಸ್ವಲ್ಪನಾದ್ರೂ..."

ಮಾತು ಅಲ್ಲಿಗೇ ನಿಂತಿತು. ನಿಲ್ಲಿಸಿದ್ದು ಅವಳಲ್ಲ, ಅಳು. ಆದರೂ ಬಿಗುಮಾನ ಬಿಡದೆ, ಎಲೆಕ್ಟ್ರಾನಿಕ್ ಬಿಡಿಭಾಗಗಳ ಆ ಪುಟ್ಟ ಅಂಗಡಿಯ ಗಾಜಿನ ಕೌಂಟರಿನ ಮೇಲೆ ಪೊಟ್ಟಣವನ್ನು ಕುಕ್ಕಿ, ಅಂಗಡಿಯವನನ್ನು ನುಂಗುವಂತೆ ನೋಡಿದಳು.

ಅವನು ಪೊಟ್ಟಣ ಬಿಚ್ಚಿದ. ಒಳಗೆ ಗಡಿಯಾರದ ಅಂಕಿ ತೋರಿಸುವ ನಾಲ್ಕು ಡಿಸ್ಪ್ಲೇಗಳಿದ್ದವು. ಒಂದು ಬ್ಯಾಟರಿ, ಎರಡು ತಂತಿ ತೆಗೆದುಕೊಂಡು ಮೊದಲನೆಯದರ ಕಾಲುಗಳಿಗೆ ಒಂದೊಂದಾಗಿ ಮುಟ್ಟಿಸಿದ. ಕೆಂಪು ಗೆರೆಗಳು ಒಂದರ ಹಿಂದೊಂದು ಹೊತ್ತಿದವು. ಎರಡನೆಯದೂ ಹೊತ್ತಿತು, ಮೂರನೆಯದೂ, ನಾಲ್ಕನೆಯದೂ.

ಅವಳ ಮುಖ ಆ ಡಿಸ್ಪ್ಲೇಗಿಂತ ಕೆಂಪಾಯಿತು.

ಅವನು ಮೆಲ್ಲಗೆ ವಿವರಿಸಿದ. ಇವುಗಳಲ್ಲಿ ಎರಡು ಜಾತಿ. ಒಂದರಲ್ಲಿ ಎಲ್ಲ ಗೆರೆಗಳಿಗೂ ಪ್ಲಸ್ ಒಂದೇ ಕಡೆಯಿಂದ ಬರುತ್ತದೆ, ಇನ್ನೊಂದರಲ್ಲಿ ಮೈನಸ್. ಅವಳು ಕಟ್ಟಲಿರುವ ಗಡಿಯಾರದ ನಕಾಶೆಗೆ ಬೇಕಾದದ್ದು ಒಂದು, ಒಯ್ದದ್ದು ಇನ್ನೊಂದು. ನೋಡಲು ಅವಳಿ ಮಕ್ಕಳಂತಿರುತ್ತವೆ, ಯಾರಿಗಾದರೂ ತಪ್ಪುತ್ತದೆ. ಇಷ್ಟು ಹೇಳಿ ಕೊನೆಗೆ, "ನಾನೇ ಕೇಳ್ಬೇಕಿತ್ತು. ಕೇಳಲಿಲ್ಲ, ನನ್ನ ತಪ್ಪು," ಅಂದ.

ಜಗಳಕ್ಕೆ ಸೊಂಟ ಕಟ್ಟಿ ಬಂದವಳಿಗೆ ಎದುರಾಳಿ ಹೀಗೆ ಮೊದಲೇ ಸೋತುಬಿಟ್ಟರೆ ಏನು ಮಾಡಬೇಕು ಹೇಳಿ? ಬದಲಿ ಡಿಸ್ಪ್ಲೇಗಳನ್ನು ತೆಗೆದುಕೊಳ್ಳಲು ಬಲಗೈ ಚಾಚಿದಳು. ಕೈ ನಡುಗಿತು. ನಾಲ್ಕೂ ನೆಲದ ಮೇಲೆ ಚೆಲ್ಲಿದವು.

ಅವನು ಕೌಂಟರ್ ದಾಟಿ ಬಂದು ಒಂದೊಂದನ್ನೇ ಹೆಕ್ಕಿದ. ಅವಳ ಮಣಿಕಟ್ಟಿನ ಮೇಲೆ ಉದ್ದಕ್ಕೆ ಇಳಿದಿದ್ದ ಹೊಲಿಗೆಯ ಗುರುತನ್ನು ನೋಡಿದ. 'ಈಗ ಅಯ್ಯೋ ಪಾಪ ಅಂತಾನೆ,' ಎಂದು ಅವಳು ಹಲ್ಲು ಕಚ್ಚಿ ಕಾದಳು.

"ಸೋಲ್ಡರ್ ಮಾಡೋವಾಗ ಮೊಣಕೈ ಮೇಜಿನ ಮೇಲೆ ಊರಿ," ಅಂದ ಅವನು. "ಕೈ ಗಾಳಿಯಲ್ಲಿದ್ರೆ ನಂದೂ ನಡುಗುತ್ತೆ."

ಮನೆ ತಲುಪುವವರೆಗೂ ಅವಳಿಗೆ ಅದೇ ಮಾತು. ಮೂರು ತಿಂಗಳಲ್ಲಿ ಅವಳ ಕೈಯ ಬಗ್ಗೆ ಮರುಕವಿಲ್ಲದೆ ಮಾತಾಡಿದವನು ಇವನೊಬ್ಬನೇ.

ಅವಳದು ಹಲ್ಲು ಮಾಡುವ ಕೆಲಸ. ದಂತವೈದ್ಯರು ಅಚ್ಚು ಕಳಿಸುತ್ತಾರೆ, ಲ್ಯಾಬಿನಲ್ಲಿ ಕೂತು ಇವಳು ಮೇಣದಲ್ಲಿ ಹಲ್ಲು ಕೆತ್ತುತ್ತಾಳೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಾಕಿಕೊಂಡವರ ಬಾಯಿ ಮುಚ್ಚುವುದಿಲ್ಲ. ಎಂಟು ವರ್ಷ ಒಂದು ದೂರಿಲ್ಲದೆ ಕೆತ್ತಿದ ಆ ಕೈ, ಸ್ಕೂಟರಿನಿಂದ ಬಿದ್ದ ದಿನ ಎರಡು ಕಡೆ ಮುರಿಯಿತು. ಲೋಹದ ಪಟ್ಟಿ, ಸ್ಕ್ರೂ ಹಾಕಿ ಕೂಡಿಸಿದರು. ಮೂಳೆ ಕೂಡಿತು, ಆದರೆ ಬೆರಳಿನ ನಡುಕ ಹೋಗಲಿಲ್ಲ. ಬೆರಳಿಗೆ ಸಣ್ಣ ಸಣ್ಣ ಕೆಲಸ ಕೊಡಿ, ಕೊಟ್ಟಷ್ಟೂ ಹಿಡಿತ ಬರುತ್ತದೆ ಎಂದು ವ್ಯಾಯಾಮ ಹೇಳಿಕೊಡುವಾಕೆ ಅಂದಿದ್ದಳು. ಲ್ಯಾಬಿನ ಯಜಮಾನರು ಒಳ್ಳೆಯವರೇ. ಆದರೆ ಕೆಲಸ ಎಷ್ಟು ದಿನ ಕಾಯುತ್ತದೆ? ಮುಂದಿನ ತಿಂಗಳ ಮೊದಲ ಸೋಮವಾರ ಬಂದು ಕೂರಬೇಕು, ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಹೇಳಿ ಕಳಿಸಿದ್ದರು.

ಮೇಣ ಮುಟ್ಟಿ ನೋಡಲು ಅವಳಿಗೆ ಧೈರ್ಯವಿರಲಿಲ್ಲ. ಮೇಣದಲ್ಲಿ ಸೋತರೆ ಅದು ಕೊನೆಯ ತೀರ್ಪು. ಹಾಗಾಗಿ ಸೋತರೂ ಯಾರೂ ಕೇಳದ ಕೆಲಸವೊಂದನ್ನು ಹುಡುಕಿದಳು. ಅವಳ ಅಪ್ಪ ಶಾಲೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದು ನಿವೃತ್ತರಾದವರು. ಅವರ ಪೆಟ್ಟಿಗೆಯಲ್ಲಿ ಬೆಸುಗೆ ಹಾಕುವ ಒಂದು ಹಳೆಯ ಸೋಲ್ಡರಿಂಗ್ ಐರನ್, ಅದರಿಂದ ಕರಗಿಸುವ ಸೋಲ್ಡರ್ ವೈರಿನ ಅರ್ಧ ಉಳಿದ ಸುರುಳಿ, ಡಿಜಿಟಲ್ ಗಡಿಯಾರ ಕಟ್ಟುವ ಬಗೆ ತೋರಿಸುವ ಒಂದು ಜೆರಾಕ್ಸ್ ನಕಾಶೆ ಇದ್ದವು. ಕಟ್ಟಲು ಬೇಕಾದದ್ದು ಲೆಕ್ಕ ಹಾಕುವ ಒಂದು ಐಸಿ ಚಿಪ್ಪು, ಒಂದು ಟ್ರಾನ್ಸ್‌ಫಾರ್ಮರ್, ನಾಲ್ಕು ಡಿಸ್ಪ್ಲೇ, ಒಂದು ಹಿಡಿ ರೆಸಿಸ್ಟರು, ಇವನ್ನೆಲ್ಲ ಕೂರಿಸಲು ತಾಮ್ರದ ಗೆರೆಗಳ ಒಂದು ಬೋರ್ಡು. ಒಟ್ಟು ನೂರ ಹದಿನಾಲ್ಕು ಕಡೆ ಬೆಸುಗೆ. ಅವಳೇ ಪೆನ್ಸಿಲಿನಲ್ಲಿ ಗುರುತು ಹಾಕಿ ಎಣಿಸಿದ್ದಳು.

'ಇದನ್ನು ಕಟ್ಟಿದರೆ ಲ್ಯಾಬಿಗೆ ಹೋಗುತ್ತೇನೆ. ಇಲ್ಲದಿದ್ದರೆ ಇಲ್ಲ.' ಹೀಗೆ ತನಗೆ ತಾನೇ ಷರತ್ತು ಹಾಕಿಕೊಂಡಳು. ಅಪ್ಪನಿಗೂ ಹೇಳಲಿಲ್ಲ.

ಮೊದಲ ಮೂರು ದಿನ ಮಾಡಿದ ಬೆಸುಗೆಗಳನ್ನು ನೋಡಿದರೆ ನೀವೂ ನಗುತ್ತಿದ್ದಿರಿ. ಒಂದು ಉಂಡೆ, ಒಂದು ಬಾಲ, ಒಂದಕ್ಕೊಂದು ಅಂಟಿದ ಎರಡು. ಪ್ರತಿ ಬೆಸುಗೆ ಆದಮೇಲೂ ಬೋರ್ಡು ತಿರುಗಿಸಿ ನೋಡುವುದು, ಕಣ್ಣೊರೆಸಿಕೊಳ್ಳುವುದು. ಇದನ್ನು ನೋಡಲಾರದೆ ಅಪ್ಪ ಒಂದು ದಿನ ಗದರಿದರು. "ಪರೀಕ್ಷೆ ಹಾಲ್‌ನಲ್ಲಿ ಕೂತು ಮಾರ್ಕ್ಸ್ ಹಾಕ್ಕೋಬೇಡ. ಮಾಡು, ಮುಂದೆ ಹೋಗು. ಹಿಂದೆ ತಿರುಗಿ ನೋಡೋ ಹಾಗಿಲ್ಲ."

ಅಂದಿನಿಂದ ಅವಳು ನೋಡುವುದನ್ನು ಬಿಟ್ಟಳು. ಮೊಣಕೈ ಊರಿ, ಉಸಿರು ಹಿಡಿದು, ಒಂದು ಬೆಸೆದು ಮುಂದಿನದಕ್ಕೆ ಹೋಗುವುದು, ಅಷ್ಟೇ.

ನಡುನಡುವೆ ಅಂಗಡಿಗೆ ಹೋಗಲು ಕಾರಣಗಳು ಹುಟ್ಟುತ್ತಿದ್ದವು. ಒಂದು ದಿನ ರೆಸಿಸ್ಟರ್ ಕಳೆದುಹೋಗುತ್ತಿತ್ತು, ಇನ್ನೊಂದು ದಿನ ತಂತಿ ಸಾಲುತ್ತಿರಲಿಲ್ಲ. ನಿಜವಾಗಿ ಕಳೆದುಹೋಗುತ್ತಿತ್ತೇ ಎಂದು ನೀವು ಕೇಳಿದರೆ, ನಾನು ಆಕಡೆ ಮುಖ ಮಾಡಿ ಕೂರುತ್ತೇನೆ. ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಅವನ ಅಕ್ಕ ಕೂತಿರುತ್ತಿದ್ದಳು, ಏಳು ತಿಂಗಳ ಬಸುರಿ. ಬಾಯಿಗೆ ಬಿಡುವಿಲ್ಲದ ಹೆಂಗಸು. ತಮ್ಮನ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಿದ್ದಳು. ತಮ್ಮನಿಗೆ ಅವಳಿಟ್ಟ ಹೆಸರು ಮೌನಸ್ವಾಮಿ, ಇವಳಿಗೆ ಇಟ್ಟದ್ದು ಹಲ್ಲಮ್ಮ.

"ಹಲ್ಲಮ್ಮ ಬಂದ್ಲು, ನಮ್ಮ ಮೌನಸ್ವಾಮಿಗೆ ಇನ್ನು ಮಾತು ಬರುತ್ತೆ ನೋಡಿ," ಎನ್ನುವಳು. ಬರುತ್ತಲೂ ಇತ್ತು. ಕೆಲಸದ ಮಾತೇ. ಮೊದಲು ತಾಮ್ರ ಕಾಯಲಿ, ಆಮೇಲೆ ಸೋಲ್ಡರ್ ವೈರು ತೋರಿಸಿ. ಕರಗಿದ್ದು ತಾನೇ ಹರಿದುಕೊಂಡು ಹೋಗಬೇಕು, ನೀವು ತಳ್ಳಬೇಡಿ. ಅವಳು ಹೂಂ ಎನ್ನುತ್ತಾ ಕೇಳಿಸಿಕೊಳ್ಳುವಳು. ಮನೆಗೆ ಹೋಗುವಾಗ ಮಾತಿಗಿಂತ ದನಿಯೇ ಹೆಚ್ಚು ನೆನಪಿರುತ್ತಿತ್ತು.

ಲ್ಯಾಬಿನ ಆ ಸೋಮವಾರಕ್ಕೆ ಮುಂಚಿನ ಮಂಗಳವಾರ ಗಡಿಯಾರ ಮುಗಿಯಿತು. ಮನೆಯಲ್ಲಿ ಪ್ಲಗ್ ಹಾಕಲು ಹೆದರಿ, ಬೋರ್ಡನ್ನು ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಅಂಗಡಿಗೆ ಬಂದಳು. ಅವನು ವೈರುಗಳನ್ನೆಲ್ಲ ಒಮ್ಮೆ ಪರೀಕ್ಷಿಸಿ ಸ್ವಿಚ್ಚಿನ ಮೇಲೆ ಬೆರಳಿಟ್ಟು ಅವಳ ಮುಖ ನೋಡಿದ. ಅವಳು ಕಣ್ಣು ಮುಚ್ಚಿಕೊಂಡು ತಲೆಯಾಡಿಸಿದಳು.

ಕಣ್ಣು ಬಿಟ್ಟಾಗ ನಾಲ್ಕು ಕೆಂಪು ಅಂಕಿ ಮಿಣುಕುತ್ತಿದ್ದವು. ಹನ್ನೆರಡು, ಸೊನ್ನೆ ಸೊನ್ನೆ.

ಅವಳು ಅಕ್ಕನನ್ನು ತಬ್ಬಿಕೊಂಡು ಅತ್ತಳು. ತಮ್ಮನನ್ನು ತಬ್ಬುವ ಹಾಗಿರಲಿಲ್ಲವಲ್ಲ! ಎರಡು ದಿನ ಇಲ್ಲೇ ಓಡಲಿ, ಬಿಸಿಯಾಗುತ್ತದೋ ನೋಡೋಣ ಎಂದು ಅವನು ಹೇಳಿದ್ದಕ್ಕೆ ಒಪ್ಪಿ, ನೆಲಕ್ಕೆ ಕಾಲು ತಾಕದಂತೆ ನಡೆದು ಮನೆಗೆ ಹೋದಳು. ಯಜಮಾನರಿಗೆ ಫೋನ್ ಮಾಡಿ ಸೋಮವಾರ ಬರುತ್ತೇನೆ ಎಂದಳು.

ಗುರುವಾರ ಬಂದಾಗ ಅವನು ಒಳಗಿನ ಕೋಣೆಯಲ್ಲಿದ್ದ. ಮೇಜಿನ ಮೇಲೆ ಗಡಿಯಾರ ಇತ್ತು, ಪ್ಲಗ್ ತೆಗೆದಿತ್ತು. ಪಕ್ಕದಲ್ಲಿ ದೊಡ್ಡ ಭೂತಗನ್ನಡಿ, ಅದರ ಸುತ್ತ ದೀಪ. ಅಪ್ಪನ ಕಟ್ಟಳೆ ಈಗ ಮುಗಿದಿತ್ತು. ತನ್ನ ಕೈಕೆಲಸ ನೋಡೋಣವೆಂದು ಬೋರ್ಡನ್ನು ತಿರುಗಿಸಿ ಕನ್ನಡಿಯ ಕೆಳಗಿಟ್ಟಳು.

ಎಡಬದಿಯಲ್ಲಿ ತನ್ನ ಉಂಡೆಗಳು, ಬಾಲಗಳು. ಗುರುತು ಸಿಕ್ಕಿತು. ಆದರೆ ಬಲಬದಿಯಲ್ಲಿ ಸಾಲಿಗೆ ಸಾಲು ಅಚ್ಚುಕಟ್ಟಾದ, ಮಿರಮಿರ ಮಿನುಗುವ ಬೆಸುಗೆಗಳು. ಒಂದರ ಗಾತ್ರ ಇನ್ನೊಂದಕ್ಕಿಂತ ಹೆಚ್ಚಿಲ್ಲ, ಕಡಿಮೆಯಿಲ್ಲ. ಪಳಗಿದ ಕೈಯವರು ಮಾಡಿದ್ದು ಅಂತ ಯಾರಾದರೂ ಹೇಳಬಹುದು.

'ಇದು ನನ್ನದಲ್ಲ. ಇವರು ಮಾಡಿದ್ದಾರೆ. ನನ್ನದನ್ನು ಕಿತ್ತು, ಮತ್ತೆ ಬೆಸೆದಿದ್ದಾರೆ. ಹಾಗಾದರೆ ಮಂಗಳವಾರ ಹೊತ್ತಿದ್ದು? ಅದೃಷ್ಟ. ಎರಡೇ ದಿನದಲ್ಲಿ ಕೆಟ್ಟು ನಿಂತಿರಬೇಕು. ಪಾಪ ಅಂದುಕೊಂಡು ಸರಿ ಮಾಡಿಟ್ಟಿದ್ದಾರೆ.'

ಒಳಗಿನಿಂದ ಬಂದವನ ಮುಖದಲ್ಲಿ ಅವಳನ್ನು ಕಂಡ ನಗು ಇತ್ತು.

"ನೀವು ಇದನ್ನ ಮುಟ್ಟಿದ್ರಾ?" ಅವಳ ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು.

ನಗು ಇಳಿಯಿತು. "ಹೂಂ. ಮುಟ್ಟಿದೆ."

"ನಂಗೆ ಒಂದು ಮಾತು ಹೇಳ್ದೆ?"

"ನೀವು ಅವತ್ತು ಅಷ್ಟು ಖುಷಿಯಾಗಿದ್ರಿ. ಹೇಳೋಕೆ ಮನಸ್ಸಾಗಲಿಲ್ಲ."

ಇಬ್ಬರಲ್ಲಿ ಒಬ್ಬರು ಇನ್ನೊಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಅವನು ಯಾವುದನ್ನು ಮುಟ್ಟಿದ್ದು ಎಂದು ಅವಳು ಕೇಳಬಹುದಿತ್ತು. ತಾನು ಮುಟ್ಟಿದ್ದು ಇಂಥದ್ದು ಎಂದು ಅವನು ಹೇಳಬಹುದಿತ್ತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ಅವನದು, ಪೂರ್ತಿ ಕೇಳುವ ಮೊದಲೇ ತಪ್ಪು ಒಪ್ಪಿಕೊಂಡುಬಿಟ್ಟ. ಅವಳೋ ಆ ಒಪ್ಪಿಗೆಯನ್ನು ಎದೆಗೆ ಚುಚ್ಚಿಕೊಂಡು ನಿಂತಳು.

"ನಿಮ್ಮೊಬ್ಬರಿಗಾದ್ರೂ ನನ್ನ ಕೈ ಮೇಲೆ ನಂಬಿಕೆ ಇದೆ ಅಂದ್ಕೊಂಡಿದ್ದೆ," ಅಂದಳು. ಗಡಿಯಾರವನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಅವನು ಬಾಗಿಲವರೆಗೆ ಬಂದವನು ಅಲ್ಲೇ ನಿಂತ. ಕರೆಯಲು ಬಾಯಿ ತೆರೆದ. ಮೌನಸ್ವಾಮಿ ಎಂದು ಸುಮ್ಮನೆ ಹೆಸರು ಬಂದಿದೆಯೇ?

ಶುಕ್ರವಾರವಿಡೀ ಅವಳು ಹಾಸಿಗೆ ಬಿಟ್ಟೇಳಲಿಲ್ಲ. ಶನಿವಾರ ಬೆಳಿಗ್ಗೆ ಲ್ಯಾಬಿನ ಯಜಮಾನರಿಗೆ ಮೆಸೇಜು ಬರೆದಳು. ಬೇರೆಯವರನ್ನು ನೋಡಿಕೊಳ್ಳಿ, ನನ್ನ ಕೈಯಿಂದ ಆಗುವುದಿಲ್ಲ. ಬರೆದು, ಕಳಿಸಲಾರದೆ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಕೂತಳು. ಎಂಟು ವರ್ಷದ ಕೆಲಸ. ಎಷ್ಟೋ ಜನರ ಬಾಯಲ್ಲಿ ಇವತ್ತಿಗೂ ತಿನ್ನುವ, ನಗುವ ಹಲ್ಲುಗಳು. ಅದೆಲ್ಲ ಎರಡು ಸಾಲಿನಲ್ಲಿ ಮುಗಿಯುತ್ತದೆಯೇ?

ಆಗ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಅವನ ಅಕ್ಕ. ಎರಡು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಾ, ಹೊಟ್ಟೆಯ ಮೇಲೆ ರಟ್ಟಿನ ಡಬ್ಬಿ ಆನಿಸಿಕೊಂಡು ನಿಂತಿದ್ದಳು.

ಅಪ್ಪ ಓಡಿಹೋಗಿ ಕುರ್ಚಿ ತಂದರು, ನೀರು ತಂದರು. ಅಕ್ಕ ನೀರು ಕುಡಿದು, ಡಬ್ಬಿಯನ್ನು ಮೇಜಿನ ಮೇಲಿಟ್ಟು, ಬಂದ ಕೆಲಸಕ್ಕೆ ಕೈ ಹಾಕಿದಳು. ತಮ್ಮ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ, ಗಿರಾಕಿ ಕೇಳಿದ್ದು ಒಂದು, ಇವನು ಕೊಡುವುದು ಇನ್ನೊಂದು. ಏನಾಯಿತೆಂದು ಕೇಳಿದರೆ ನನ್ನದೇ ತಪ್ಪು ಎನ್ನುತ್ತಾನೆ, ಮುಂದಕ್ಕೆ ಬಾಯಿ ಬಿಡುವುದಿಲ್ಲ. ನಿನ್ನೆ ಸಂಜೆ ಇಕ್ಕಳ ಹಾಕಿ ಎಳೆದಂತೆ ಎಳೆದು ಹೊರಡಿಸಿದ್ದಾಳೆ.

"ಕೇಳದೆ ಮುಟ್ಟಿದ್ದು ತಪ್ಪೇ ಕಣಮ್ಮ, ಇಲ್ಲ ಅನ್ನಲ್ಲ," ಅಂದಳು ಅಕ್ಕ. "ಆದ್ರೆ ಒಂದು ತಂತಿ ಎತ್ತಿ ಪಕ್ಕಕ್ಕೆ ಹಾಕಿದ್ದಕ್ಕೆ ಯಾರಾದ್ರೂ ಇಷ್ಟು ಕೋಪ ಮಾಡ್ಕೋತಾರಾ?"

ಅವಳು ತಲೆ ಎತ್ತಿದಳು. "ಒಂದು ತಂತಿನಾ?"

"ಮತ್ತೆ? ಗಡಿಯಾರ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳ್ತಿತ್ತಂತೆ."

ವಿಷಯ ಇಷ್ಟೇ. ಆ ಗಡಿಯಾರ ಗೋಡೆಯ ಕರೆಂಟಿನ ಮಿಡಿತ ಎಣಿಸಿ ಸೆಕೆಂಡು ಲೆಕ್ಕ ಹಾಕುವಂಥದ್ದು. ನಕಾಶೆ ಬರೆದವನ ಊರಿನಲ್ಲಿ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿಯುತ್ತಿತ್ತು, ಇವರ ಊರಿನಲ್ಲಿ ಐವತ್ತೇ ಸಲ. ಐಸಿಯಲ್ಲಿ ಎರಡಕ್ಕೂ ಜಾಗವಿದೆ, ಒಂದು ತಂತಿ ಎಲ್ಲಿಗೆ ಕೂಡಿಸಬೇಕೆನ್ನುವುದಷ್ಟೇ ವ್ಯತ್ಯಾಸ. ಅವಳು ನಕಾಶೆಯನ್ನು ಮಕ್ಕೀಕಾಮಕ್ಕಿ ಇಳಿಸಿದ್ದಳು. ಅಂಗಡಿಯವನು ಬುಧವಾರ ಅದನ್ನು ಗಮನಿಸಿ ಆ ಒಂದು ತಂತಿಯ ಜಾಗ ಬದಲಿಸಿದ್ದ.

ಅವಳು ನಂಬಲಿಲ್ಲ. ಅರ್ಧ ಬೋರ್ಡೇ ಹೊಸದಾಗಿದೆ, ನಾನೇ ಕಣ್ಣಾರೆ ನೋಡಿದ್ದೇನೆ, ತಮ್ಮನನ್ನು ಉಳಿಸಿಕೊಳ್ಳಲು ಏನೇನೋ ಹೇಳಬೇಡಿ ಎಂದು ವಾದಿಸಿದಳು.

"ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತಂತೆ. ಅವನು ಹೇಳೋದು ಒಂದು, ನೀನು ಹೇಳೋದು ಒಂದು," ಎಂದು ಅಕ್ಕ ಡಬ್ಬಿಯ ಮುಚ್ಚಳ ತೆಗೆದಳು. "ನನ್ನ ಹೊಟ್ಟೇಲಿ ಇವನು ಬಂದಾಗಿನಿಂದ ನಮ್ಮ ಅಂಗಡೀಲಿ ಸೀಸ ಇರೋ ಸೋಲ್ಡರ್ ವೈರು ಬಳಸಲ್ಲ. ಹೊಸ ತರದ್ದೇ. ಅದು ಎಷ್ಟು ಚೆನ್ನಾಗಿ ಮಾಡಿದ್ರೂ ಹೊಳೆಯಲ್ಲ, ಮಂಕಾಗೇ ಕೂರುತ್ತೆ. ಹೊಳೀತಾ ಇದ್ರೆ ಅದು ನಮ್ಮನೇದಲ್ಲ, ನಿಮ್ಮನೇದು."

ಅಪ್ಪ ತಮ್ಮ ಹಳೆಯ ಸೋಲ್ಡರ್ ಸುರುಳಿ ತಂದು ಅದರ ಲೇಬಲ್ ತೋರಿಸಿದರು. ಸೀಸವಿದೆ ಎಂದು ಬರೆದಿತ್ತು. ಪತ್ರಿಕೆ ಓದುವ ಭೂತಗನ್ನಡಿಯನ್ನೂ ತಂದರು. ಅವಳು ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿದಳು. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ. ಮಿನುಗು, ಮಿನುಗು, ಮಿನುಗು. ಐಸಿಯ ಒಂದು ಮೂಲೆಯಲ್ಲಿ ಮಾತ್ರ, ಬೂದು ಬಣ್ಣದ ಒಂದೇ ಒಂದು ಮಂಕು ಬೆಸುಗೆ.

ಒಂದು. ಉಳಿದ ನೂರ ಹದಿಮೂರೂ ಅವಳದೇ.

"ಅಪ್ಪ, ಇದು ನಾನಾ ಮಾಡಿದ್ದು?" ಎಂದು ಬಲಬದಿಯ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು.

"ನನ್ನನ್ಯಾಕೆ ಕೇಳ್ತೀಯ? ಐರನ್ ಬಿಸಿ ಮಾಡು, ನೋಡು," ಅಂದರು ಅಪ್ಪ.

ಸೀಸದ ಹೊಗೆ ಬೇಡವೆಂದು ಅಕ್ಕ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡು ಗಾಜಿಗೆ ಮೂಗು ಒತ್ತಿ ನಿಂತಳು. ಒಳಗೆ ಇವಳು ಹಾಳಾದ ಬೋರ್ಡಿನ ತುಂಡೊಂದಕ್ಕೆ ಒಂದು ರೆಸಿಸ್ಟರ್ ಸಿಕ್ಕಿಸಿದಳು. ಮೊಣಕೈ ಊರಿದಳು. ತಾಮ್ರ ಕಾಯಿತು, ವೈರು ತೋರಿಸಿದಳು, ಕರಗಿದ್ದು ತಾನೇ ಹರಿದು ಸುತ್ತ ಕೂತಿತು. ಐರನ್ ತೆಗೆದಳು. ಈ ಸಲ ಹಿಂದೆ ತಿರುಗಿ ನೋಡಿದಳು.

ಮಿರಮಿರ ಮಿನುಗುತ್ತಿತ್ತು.

ಹೋದ ಜೀವ ಬಂದಂತಾಯಿತು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. ಮೂರು ತಿಂಗಳಿಂದ ಬಿಗಿಹಿಡಿದಿದ್ದ ಭುಜಗಳು ತಾವಾಗಿ ಸಡಿಲಾದವು. ಕೈ ಯಾವಾಗಲೋ ವಾಪಸು ಬಂದುಬಿಟ್ಟಿತ್ತು, ಅವಳಿಗೆ ಮಾತ್ರ ಸುದ್ದಿ ಮುಟ್ಟಿರಲಿಲ್ಲ. ಫೋನು ಎತ್ತಿಕೊಂಡು ಆ ಎರಡು ಸಾಲನ್ನು ಅಳಿಸಿ ಹಾಕಿದಳು. ಅಪ್ಪ ಕನ್ನಡಕ ಒರೆಸುವ ನೆಪದಲ್ಲಿ ಆಚೆ ತಿರುಗಿದರು.

ಅಕ್ಕ ಬಾಗಿಲು ಸರಿಸಿ ಒಳಗೆ ಬಂದು, ತಾನು ಈ ಮೆಟ್ಟಿಲು ಇಳಿಯಬೇಕಾದರೆ ಇನ್ನೊಂದು ಗಂಟೆ ಸುಧಾರಿಸಿಕೊಳ್ಳಬೇಕು, ಅಲ್ಲಿಯವರೆಗೆ ಅಂಗಡಿಯಲ್ಲಿ ತಮ್ಮ ಒಬ್ಬನೇ ಇರುತ್ತಾನೆ ಎಂದು ಯಾರಿಗೆಂದು ಹೇಳದೆ ಹೇಳಿದಳು. ಹೇಳಿ ಮುಗಿಸುವಷ್ಟರಲ್ಲಿ ಇವಳು ಚಪ್ಪಲಿ ಮೆಟ್ಟಿಯಾಗಿತ್ತು.

ಅಂಗಡಿಯಲ್ಲಿ ಅವನು ರೆಸಿಸ್ಟರುಗಳನ್ನು ಬೆಲೆಬಾಳುವ ಮುತ್ತಿನಂತೆ ಎದುರಿಗೆ ಹರವಿಕೊಂಡು, ಒಂದನ್ನೂ ನೋಡದೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ಕ್ಷಮಿಸಿ, ಕೇಳದೆ..." ಎಂದು ಶುರು ಮಾಡಿದ.

"ಮೊದಲು ನನ್ನ ಮಾತು ಕೇಳಿ," ಎಂದು ಅವಳು ತಡೆದಳು. ಓಡಿ ಬಂದ ಉಸಿರಿನಲ್ಲೇ ಎಲ್ಲವನ್ನೂ ಹೇಳಿದಳು. ಸೋಮವಾರದ ಷರತ್ತು, ಭೂತಗನ್ನಡಿಯ ಕೆಳಗೆ ಕಂಡದ್ದು, ತಾನು ಅಂದುಕೊಂಡದ್ದು. ತಾನು ಕೇಳಿದ್ದು ಬೋರ್ಡಿನ ಅರ್ಧದ ಬಗ್ಗೆ, ಅವನು ಒಪ್ಪಿಕೊಂಡದ್ದು ಒಂದು ತಂತಿಯ ಬಗ್ಗೆ.

ಅವನು ನಿಧಾನವಾಗಿ ಸ್ಟೂಲಿನ ಮೇಲೆ ಕೂತ. ಎರಡು ದಿನದ ಭಾರ ಇಳಿದವನಂತೆ ಉದ್ದಕ್ಕೆ ಉಸಿರು ಬಿಟ್ಟ.

"ಆ ಸಾಲು ನಿಮ್ಮದೇ ಅಂತ ನಿಮಗೇ ಗೊತ್ತಾಗಲಿಲ್ವಾ?"

"ಇಲ್ಲ."

"ನಂಗೆ ಗೊತ್ತಿತ್ತು." ಅವನು ಕೌಂಟರನ್ನು ನೋಡುತ್ತಲೇ ಮಾತಾಡಿದ. ಇಷ್ಟು ಉದ್ದ ಅವನು ಮಾತಾಡಿದ್ದನ್ನು ಅಕ್ಕ ಕೇಳಿದ್ದರೆ ಮೂರ್ಛೆ ಹೋಗುತ್ತಿದ್ದಳು. "ಬುಧವಾರ ತಂತಿ ಬದಲಾಯಿಸಿದ್ದು ಎರಡೇ ನಿಮಿಷ. ಆಮೇಲೆ ಮಧ್ಯಾಹ್ನ ಪೂರ್ತಿ ಅದನ್ನೇ ನೋಡ್ತಾ ಕೂತಿದ್ದೆ. ಇಲ್ಲಿ ಕೈ ನೋವಿತ್ತು, ಇಲ್ಲಿ ಬೇಜಾರಾಗಿ ಎದ್ದು ಹೋಗಿದ್ದಾರೆ, ಇಲ್ಲಿ ಹಟ ಹಿಡಿದು ಮತ್ತೆ ಕೂತಿದ್ದಾರೆ, ಇಲ್ಲಿಂದ ಗೆದ್ದಿದ್ದಾರೆ ಅಂತ. ಎಲ್ಲ ಗೊತ್ತಾಗುತ್ತೆ. ಬೆಸುಗೆ ನೋಡಿ ಪ್ರೀತಿಗೆ ಬಿದ್ದವನು ಪ್ರಪಂಚದಲ್ಲಿ ನಾನೊಬ್ಬನೇ ಇರ್ಬೇಕು."

ಮೂರು ತಿಂಗಳಿಂದ ಅವಳ ಕೈಯನ್ನು ಎಲ್ಲರೂ ನೋಡಿದ್ದರು. ವೈದ್ಯರು ನೋಡಿದ್ದರು, ನೆಂಟರು ನೋಡಿದ್ದರು. ಇವನು ನೋಡಿದ ಹಾಗೆ ಯಾರೂ ನೋಡಿರಲಿಲ್ಲ. 'ನಾನೂ ಅಷ್ಟೇ,' ಅಂದುಕೊಂಡಳು. 'ಕಳೆಯದ ರೆಸಿಸ್ಟರ್ ಎಷ್ಟು ಸಲ ಕೊಂಡುಕೊಂಡೆ ನಾನು!'

ಅದನ್ನೇ ಬಾಯಿಬಿಟ್ಟು ಹೇಳಿದಳು. ಮನೆಯಲ್ಲಿ ಒಂದು ಡಬ್ಬಿ ತುಂಬ ರೆಸಿಸ್ಟರ್ ಇವೆ, ಒಂದೂ ಕಳೆದಿರಲಿಲ್ಲ ಎಂದು.

ಅವನು ಮೊದಲ ಬಾರಿಗೆ ಜೋರಾಗಿ ನಕ್ಕ. ಹೊರಗೆ ಬೀದಿಯಲ್ಲಿ ಯಾರೋ ಷಟರ್ ಎಳೆದರು, ಒಂದು ಸೈಕಲ್ ಗಂಟೆ ಬಾರಿಸಿಕೊಂಡು ಹೋಯಿತು.

"ಸೋಮವಾರ ಲ್ಯಾಬಿಗೆ ಹೋಗ್ತಿದ್ದೀನಿ," ಅಂದಳು.

"ಹೋಗ್ಬೇಕು."

"ಒಳಗೊಳಗೆ ಇನ್ನೂ ಸ್ವಲ್ಪ ಭಯ ಇದೆ."

"ನಾನು ಬರ್ಲಾ? ಲ್ಯಾಬಿನ ಬಾಗಿಲವರೆಗೆ?" ಎಂದು ಕೇಳಿದವನು, ಕೇಳಿದ್ದು ಹೆಚ್ಚಾಯಿತೇನೋ ಎಂಬಂತೆ ಅವಳ ಮುಖ ನೋಡಿದ.

"ಬಾಗಿಲವರೆಗೆ ಸಾಕಾ?"

"ನೀವು ಎಲ್ಲಿವರೆಗೆ ಅಂತೀರೋ ಅಲ್ಲಿವರೆಗೆ."

ಅವಳು ಕೌಂಟರಿನ ಮೇಲೆ ಬಲಗೈ ಇಟ್ಟಳು. ಅವನು ಅದರ ಮೇಲೆ ತನ್ನ ಕೈ ಇಟ್ಟ.

"ಹಾಗಾದ್ರೆ, ಸಾಕು ಅಂತ ನಾನು ಯಾವತ್ತೂ ಹೇಳಲ್ಲ," ಅಂದಳು.

"ಹೇಳ್ಬೇಡ," ಅಂದ ಅವನು.